ಹನ್ನೊಂದು ನಟ್ಟಿನ ವ್ಯವಹಾರ

ಬೀದಿಯಲ್ಲಿ ಜನ ಸೇರಿಸಬೇಕಾದರೆ ಮೈಕು, ಪೆಂಡಾಲು ಏನೂ ಬೇಡ. ಅಂಬಾಸಿಡರ್ ಕಾರೊಂದರ ಬಾನೆಟ್ಟು ಎತ್ತಿ ನಿಲ್ಲಿಸಿದರೆ ಸಾಕು. ವಾಕಿಂಗಿಗೆ ಹೊರಟವರು, ಹಾಲಿಗೆ ಹೊರಟವರು, ಸುಮ್ಮನೆ ಹೊರಟವರು ಎಲ್ಲರೂ ಅಲ್ಲಿಗೇ ಬಂದು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ. ಈಗಿನ ಕಾರುಗಳಿಗೆ ಈ ಭಾಗ್ಯವಿಲ್ಲ. ಅವುಗಳ ಬಾನೆಟ್ಟಿನ ಕೆಳಗೆ ಮತ್ತೊಂದು ಪ್ಲಾಸ್ಟಿಕ್ ಮುಚ್ಚಳ, ಅದರ ಮೇಲೆ ಕಂಪನಿಯ ಹೆಸರು. ನೋಡಿದವರು ‘ಕ್ಲೀನಾಗಿದೆ’ ಅಂದು ಹೊರಟುಬಿಡುತ್ತಾರೆ. ಅಂಬಾಸಿಡರಿನಲ್ಲಿ ಕಾರ್ಬುರೇಟರು, ಡಿಸ್ಟ್ರಿಬ್ಯೂಟರು, ಡೈನಮೋ ಎಲ್ಲವೂ ಬೆರಳಿಟ್ಟು ತೋರಿಸುವಷ್ಟು ಬಿಡಿಬಿಡಿಯಾಗಿ ಕೂತಿರುತ್ತವೆ. ಬೆರಳಿಡಲು ಜಾಗವಿದ್ದ ಕಡೆ ಅಭಿಪ್ರಾಯಕ್ಕೂ ಜಾಗ ಇದ್ದೇ ಇರುತ್ತದೆ.

ನಮ್ಮದು 1984ರ ಮಾರ್ಕ್ 4. ನಮ್ಮದು ಅಂದರೆ ಮಾವನವರದು. ರಿಪೇರಿಯ ಬಿಲ್ಲು ಬಂದ ದಿನ ಮಾತ್ರ ನಮ್ಮದು. ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನ್ನು ಮೂಲದಲ್ಲಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್. ಇಂಗ್ಲೆಂಡಿನವರು ಮಾರಿಸ್ ಆಕ್ಸ್‌ಫರ್ಡನ್ನು ಮರೆತು ಎಷ್ಟೋ ವರ್ಷವಾದ ಮೇಲೂ ಬಂಗಾಳದ ಉತ್ತರಪಾರಾದಲ್ಲಿ ಅದನ್ನೇ ಅಂಬಾಸಿಡರ್ ಎಂದು ಮಾಡುತ್ತಲೇ ಇದ್ದರು. ಈ ಎಂಜಿನ್ನಿಗೆ ವಾಲ್ವು ಎಂಟು, ಆದರೆ ಹೆಡ್ಡಿನ ಪಕ್ಕದಲ್ಲಿ ಬಾಗಿಲು ಐದೇ. ಒಂದು ಮತ್ತು ಎರಡನೆಯ ಸಿಲಿಂಡರುಗಳು ಒಂದೇ ಬಾಗಿಲಿನಿಂದ ಪೆಟ್ರೋಲು-ಗಾಳಿ ಎಳೆದುಕೊಳ್ಳುತ್ತವೆ. ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಹೊಗೆ ಹೊರಹಾಕಲು ನಡುವಿನ ಇಬ್ಬರಿಗೆ ಒಂದೇ ದಾರಿ. ಮಾವನವರಿಗೆ ಇದು ಅವಿಭಕ್ತ ಕುಟುಂಬದ ಶ್ರೇಷ್ಠತೆಗೆ ಸಾಕ್ಷಿ. ಬೇರೆ ಮನೆ ಮಾಡಿರುವ ನನ್ನ ಭಾವಮೈದುನ ಬಂದಾಗ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತಾರೆ.

ಹೆಡ್ಡು ಇಳಿಸುವ ಪ್ರಸಂಗ ಬಂದದ್ದು ಧರ್ಮಸ್ಥಳದಿಂದ ಹಾಸನಕ್ಕೆ ಮರಳುವಾಗ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಟೆಂಪರೇಚರಿನ ಮುಳ್ಳು ನಮಗಿಂತ ಮೊದಲೇ ಮೇಲೆ ಹತ್ತಿ ಕೂತಿತು. ಬಾನೆಟ್ಟಿನ ಸಂದಿಯಿಂದ ಆವಿ. ಕಾರು ನಿಲ್ಲಿಸಿ, ಆರಲು ಬಿಟ್ಟು, ಕೆಂಪುಹೊಳೆಯ ನೀರು ತಂದು ತುಂಬಿದೆವು. ಕಾರಣ ನನಗೆ ಗೊತ್ತಿತ್ತು. ಮಾವನವರು ವರ್ಷಗಟ್ಟಲೆ ತಮ್ಮ ಹೆಮ್ಮೆಯ ಬೋರ್‌ವೆಲ್ಲಿನ ನೀರನ್ನೇ ರೇಡಿಯೇಟರಿಗೆ ಹುಯ್ದಿದ್ದರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಅತ್ತೆಯವರು ಅಡುಗೆಮನೆಗೆ ಅದನ್ನು ಬಿಟ್ಟುಕೊಂಡಿರಲಿಲ್ಲ. ರೇಡಿಯೇಟರಿಗೆ ಆ ಸ್ವಾತಂತ್ರ್ಯವಿಲ್ಲ. ಒಳಗೆಲ್ಲ ಸುಣ್ಣ ಕಟ್ಟಿ ನೀರು ಓಡಾಡುವ ಕೊಳವೆಗಳು ಅರ್ಧಕ್ಕರ್ಧ ಮುಚ್ಚಿಹೋಗಿದ್ದವು. ಆದರೆ ಘಾಟಿಯ ತಿರುವಿನಲ್ಲಿ ನಿಂತು ಮಾವನಿಗೆ ಇದನ್ನು ಹೇಳುವ ಅಳಿಯ ಇನ್ನೂ ಹುಟ್ಟಿಲ್ಲ.

ಹೇಗೋ ಮನೆ ಮುಟ್ಟಿ ಮರುದಿನ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳುಗುಳು ಗುಳ್ಳೆ. ಆಯಿಲ್ ತುಂಬುವ ಮುಚ್ಚಳ ತೆಗೆದರೆ ಅದರ ಒಳಬದಿಗೆ ಹಾಲು ಬೆರೆತ ಕಾಫಿ ಬಣ್ಣದ ನೊರೆ. ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದ ಹಳೆಯ ಮೇಸ್ತ್ರಿಯೊಬ್ಬರನ್ನು ಕರೆತಂದೆವು. ಅವರು ಆ ನೊರೆಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿ, ‘ಗ್ಯಾಸ್ಕೆಟ್ ಹೋಗಿದೆ. ಹೆಡ್ ಇಳಿಸ್ಬೇಕು’ ಅಂದರು. ಅಷ್ಟೇ. ಅವರು ಒಂದು ದಿನಕ್ಕೆ ಆಡುವ ಮಾತಿನ ಅರ್ಧ ಅಲ್ಲಿಗೆ ಮುಗಿದಿತ್ತು. ಉಳಿದ ಮಾತನ್ನೆಲ್ಲ ಬೀದಿಯವರು ವಹಿಸಿಕೊಂಡರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಂಜಿನ್ನಿನ ಕೆಳಗಿನ ದೊಡ್ಡ ಭಾಗ ಬ್ಲಾಕು, ಪಿಸ್ಟನ್ನುಗಳು ಇರುವುದು ಅಲ್ಲಿ. ಮೇಲೆ ಮುಚ್ಚಿರುವುದು ಹೆಡ್ಡು, ವಾಲ್ವುಗಳು ಇರುವುದು ಅದರಲ್ಲಿ. ಎರಡರ ನಡುವೆ ತೆಳ್ಳಗಿನ ಒಂದು ಹಾಳೆ, ಗ್ಯಾಸ್ಕೆಟ್ಟು. ಹಳೆಯ ಕಾಲದ್ದು ತಾಮ್ರದ ತಗಡಿನ ನಡುವೆ ಕಲ್ನಾರು ಇಟ್ಟು ಮಾಡಿದ್ದು. ಅದರ ಉದ್ಯೋಗ, ಬೆಂಕಿ ನೀರಿಗೆ ಸಿಗದಂತೆ, ನೀರು ಎಣ್ಣೆಗೆ ಸಿಗದಂತೆ, ಪಕ್ಕದ ಸಿಲಿಂಡರಿನ ಬೆಂಕಿ ಈ ಸಿಲಿಂಡರಿಗೆ ನುಗ್ಗದಂತೆ ನೋಡಿಕೊಳ್ಳುವುದು. ಮೂವರೂ ಅಕ್ಕಪಕ್ಕದ ರಂಧ್ರಗಳಲ್ಲೇ ಓಡಾಡುವವರು. ಎಂಜಿನ್ನು ಮಿತಿಮೀರಿ ಕಾದರೆ ಹೆಡ್ಡು ಕೂದಲೆಳೆಯಷ್ಟು ಬಾಗುತ್ತದೆ, ಹಾಳೆ ಸುಡುತ್ತದೆ, ಆಮೇಲೆ ಯಾರು ಯಾರ ಮನೆಗೆ ನುಗ್ಗಿದರೂ ಕೇಳುವವರಿಲ್ಲ.

ಹೆಡ್ಡನ್ನು ಹಿಡಿದಿರುವುದು ಹನ್ನೊಂದು ನಟ್ಟು. ಅದರಲ್ಲಿ ನಾಲ್ಕು, ವಾಲ್ವುಗಳನ್ನು ಮೇಲಿನಿಂದ ಅದುಮುವ ರಾಕರುಗಳ ಶಾಫ್ಟನ್ನೂ ಹಿಡಿದಿರುತ್ತವೆ. ಹಾಗಾಗಿ ರಾಕರ್ ಒಂದನ್ನೇ ಬಿಚ್ಚುತ್ತೇನೆ ಎಂದು ಹೊರಟರೂ ಹೆಡ್ಡಿನ ಬಿಗಿ ಸಡಿಲವಾಗಿ ನೀರು ಸಿಲಿಂಡರಿಗೆ ಇಳಿದೀತು. ಮೊದಲು ನೀರು ಖಾಲಿ ಮಾಡಬೇಕು, ಆಮೇಲೆ ಪಾನಾ ಮುಟ್ಟಬೇಕು. ಮೇಸ್ತ್ರಿ ಕೂತು ಬೀಡಿ ಹಚ್ಚಿದ್ದು ನೀರು ಪೂರ್ತಿ ಇಳಿಯಲಿ ಅಂತ. ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ ಅದು ಕೆಲಸಗಳ್ಳತನದಂತೆ ಕಂಡಿತು. ‘ಒಂದು ಕಡೆಯಿಂದ ಬಿಚ್ಕೊಂಡು ಬನ್ನಿ’ ಎಂದು ಆಜ್ಞಾಪಿಸಿದರು. ಮೇಸ್ತ್ರಿ ನಟ್ಟುಗಳನ್ನು ಒಂದು ಕಡೆಯಿಂದ ಬಿಚ್ಚಲಿಲ್ಲ. ಇಲ್ಲೊಂದು ಅಲ್ಲೊಂದು ಎಂದು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬಂದರು. ಎಲ್ಲ ಭಾರವೂ ಒಂದೇ ಮೂಲೆಗೆ ಬಿದ್ದರೆ ಹೆಡ್ಡು ತಿರುಚಿಕೊಳ್ಳುತ್ತದೆ.

ಆಮೇಲೆ ಪುಷ್‌ರಾಡುಗಳು. ರಾಕರುಗಳನ್ನು ಕೆಳಗಿನಿಂದ ತಳ್ಳುವ ಎಂಟು ಉದ್ದನೆಯ ಕಡ್ಡಿಗಳು. ನೋಡಲು ಎಂಟೂ ಒಂದೇ, ಆದರೆ ಯಾವುದು ಯಾವ ತೂತಿನಿಂದ ಬಂತೋ ಅಲ್ಲಿಗೇ ಮರಳಬೇಕು. ಅಷ್ಟು ವರ್ಷ ಜೊತೆಗೆ ಸವೆದವು ಬೇರೆಯವರ ಜೊತೆ ಹೊಂದುವುದಿಲ್ಲ. ಮೇಸ್ತ್ರಿ ರಟ್ಟು ಕೇಳಿದರು. ನನ್ನ ಹೆಂಡತಿ ಮದುವೆಯ ಕರೆಯೋಲೆಯೊಂದನ್ನು ತಂದುಕೊಟ್ಟಳು, ದಪ್ಪನೆಯದು, ಚಿನ್ನದ ಅಂಚಿನದು. ಅದರಲ್ಲಿ ಎಂಟು ತೂತು ಕೊರೆದು, ಪಕ್ಕದಲ್ಲಿ ನಂಬರು ಬರೆದು ಸಾಲಾಗಿ ಸಿಗಿಸಿದರು. ವಧುವಿನ ಹೆಸರಿನ ಮೇಲೆ ಮೂರನೆಯ ಪುಷ್‌ರಾಡು ನಿಂತಿತು. ಅದನ್ನು ಕಿಟಕಿಯ ಮೇಲಿಟ್ಟು ಯಾರೂ ಮುಟ್ಟಬಾರದೆಂದು ಹೇಳಿದರು. ನಮ್ಮ ಮನೆಯಲ್ಲಿ ಚಪ್ಪಲಿ ಜೋಡಿಯಾಗಿ ಸಿಗುವುದಿಲ್ಲ, ಬಚ್ಚಲಿಗೆ ಸರದಿಯಿಲ್ಲ, ಊಟಕ್ಕೆ ಕರೆದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರುತ್ತಾರೆ. ಆ ವಾರ ಕ್ರಮಪ್ರಕಾರ ಇದ್ದವು ಅಂದರೆ ಆ ಎಂಟು ಕಡ್ಡಿಗಳು ಮಾತ್ರ.

ನಟ್ಟೆಲ್ಲ ಬಿಚ್ಚಿದ ಮೇಲೂ ಹೆಡ್ಡು ಮೇಲೇಳಲಿಲ್ಲ. ಎರಕದ ಕಬ್ಬಿಣ, ಅಷ್ಟು ವರ್ಷ ಬೆಂದು ಕೂತದ್ದು. ‘ಸ್ಕ್ರೂಡ್ರೈವರ್ ಹಾಕಿ ಮೀಟಿ’ ಎಂದರು ಬ್ಯಾಂಕ್ ಮ್ಯಾನೇಜರು. ಕಾಲೇಜಿನ ಮೇಷ್ಟ್ರು ಸುತ್ತಿಗೆಯ ಪಕ್ಷ. ಮಾವನವರು ತಾವೇ ಉಳಿ ತಂದರು. ಮೇಸ್ತ್ರಿಗೆ ಅವತ್ತು ಮೊದಲ ಸಲ ಕೋಪ ಬಂದದ್ದು. ಮೀಟಿದ ಗೀರು ಒಂದು ಬಿದ್ದರೆ ಹೊಸ ಗ್ಯಾಸ್ಕೆಟ್ಟೂ ಅಲ್ಲಿಂದಲೇ ಸೋರುತ್ತದೆ. ಅವರು ಸ್ಪಾರ್ಕ್ ಪ್ಲಗ್ಗುಗಳನ್ನು ಮತ್ತೆ ಹಾಕಿ, ಮುಂದಿನಿಂದ ಸ್ಟಾರ್ಟಿಂಗ್ ಹ್ಯಾಂಡಲ್ ಸಿಗಿಸಿ, ನನ್ನ ಕೈಗೆ ಕೊಟ್ಟು ‘ತಿರುಗ್ಸಿ’ ಅಂದರು. ಪಿಸ್ಟನ್ನು ಮೇಲೆ ಬಂದಾಗ ಒಳಗಿನ ಗಾಳಿಗೆ ಹೊರಗೆ ದಾರಿಯಿಲ್ಲ. ಅದು ಹೆಡ್ಡನ್ನೇ ಎತ್ತಿತು. ಟಪ್ ಎಂಬ ಸದ್ದು. ಮುಂದೆ ಇಬ್ಬರು ಸೇರಿ ಹೆಡ್ಡನ್ನು ಎತ್ತಿ ಜಗಲಿಯ ಮೇಲೆ ಇಟ್ಟೆವು. ಅತ್ತೆಯವರು ಹಾಸಿದ್ದ ಪೇಪರು ಆ ದಿನದ್ದು. ಮಾವನವರು ಹೆಡ್ಡಿನ ಸುತ್ತ ಬಾಗಿ ಬಾಗಿ ಸುದ್ದಿ ಓದಿದರು.

ಹೆಡ್ಡಿನ ತಳದ ಮೇಲೆ ಉಕ್ಕಿನ ಪಟ್ಟಿಯನ್ನು ಅಂಚು ಕೆಳಗಾಗಿ ನಿಲ್ಲಿಸಿ, ಸಂದಿಗೆ ಫೀಲರ್ ಗೇಜಿನ ಬ್ಲೇಡು ತೂರಿಸಿ ನೋಡುವುದು ಕ್ರಮ. ಬ್ಲೇಡು ನಡುಭಾಗದಲ್ಲಿ ಸಲೀಸಾಗಿ ನುಗ್ಗಿತು. ‘ಫೇಸಿಂಗ್’ ಅಂದರು ಮೇಸ್ತ್ರಿ. ಲೇತ್ ಅಂಗಡಿಯಲ್ಲಿ ತಳವನ್ನು ಎಷ್ಟು ಬೇಕೋ ಅಷ್ಟೇ ಸವರಿಸಬೇಕು. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದಿಷ್ಟು ಜಾಸ್ತಿ ತೆಗೆಸಿದರೆ ಪಿಕಪ್ಪು ಬರುತ್ತದೆ ಎಂದು ಗುಟ್ಟು ಹೇಳಿದರು. ಮಾತು ಸುಳ್ಳಲ್ಲ; ಒತ್ತಡ ಹೆಚ್ಚಿದರೆ ಶಕ್ತಿ ಹೆಚ್ಚುತ್ತದೆ, ಏರಿನಲ್ಲಿ ನಾಕಿಂಗೂ ಹೆಚ್ಚುತ್ತದೆ. ಮಾವನವರು ಗಂಟೆಗೆ 50 ಕಿ.ಮೀ. ದಾಟಿದರೆ ಪಾಪ ತಟ್ಟುತ್ತದೆಂದು ನಂಬಿದವರು. ಪಿಕಪ್ಪು ತೆಗೆದುಕೊಂಡು ಅವರೇನು ಮಾಡಿಯಾರು?

ಹೆಡ್ಡು ಇಳಿದ ಮೇಲೆ ವಾಲ್ವು ಉಜ್ಜದೆ ಬಿಡಬಾರದೆಂದು ಶಾಸ್ತ್ರ. ಸ್ಪ್ರಿಂಗು ಅದುಮಿ ಲಾಕು ಬಿಡಿಸಿ ಒಂದೊಂದೇ ವಾಲ್ವು ಹೊರಗೆ ತೆಗೆದು, ಕೂರುವ ಅಂಚಿಗೆ ಗ್ರೈಂಡಿಂಗ್ ಪೇಸ್ಟು ಸವರಿ, ರಬ್ಬರ್ ಬಟ್ಟಲಿನ ಕೋಲನ್ನು ವಾಲ್ವಿಗೆ ಅಂಟಿಸಿ, ಎರಡು ಅಂಗೈ ನಡುವೆ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿರಬೇಕು. ಮೊದಲು ಒರಟು ಪೇಸ್ಟು, ಆಮೇಲೆ ನಯದ್ದು. ಅಂಚಿನ ಸುತ್ತ ಎಲ್ಲೂ ಕಡಿಯದ ಬೂದು ಬಣ್ಣದ ಉಂಗುರ ಮೂಡುವ ತನಕ. ನನ್ನ ಕೈ ಸೋತಿತು, ಭಾವಮೈದುನನಿಗೆ ಫೋನು ಬಂತು. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯವರು ಇದನ್ನೆಲ್ಲ ನೋಡಿ ನೋಡಿ, ಸೆರಗು ಸಿಕ್ಕಿಸಿಕೊಂಡು, ‘ಕೊಡಿ ಇಲ್ಲಿ’ ಅಂದರು. ಕಡೆಗೋಲು ಹಿಡಿದು ಪಳಗಿದ ಕೈ. ಮೇಸ್ತ್ರಿ ವಾಲ್ವುಗಳನ್ನು ಕೂರಿಸಿ ಮೇಲೆ ಪೆಟ್ರೋಲು ಹುಯ್ದು ಸೋರುತ್ತದೆಯೇ ಎಂದು ಕಾದು ನೋಡಿದರು. ಅತ್ತೆಯವರು ಉಜ್ಜಿದವುಗಳಲ್ಲಿ ಹನಿಯೂ ಇಳಿಯಲಿಲ್ಲ. ನಾನು ಉಜ್ಜಿದವನ್ನು ಅತ್ತೆಯವರು ಮತ್ತೆ ಉಜ್ಜಿದರು.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಗ್ಯಾಸ್ಕೆಟ್ಟು ಬಂತು. ಅದರ ಮೇಲೆ ಯಾವ ಬದಿ ಮುಂದೆ, ಯಾವ ಬದಿ ಮೇಲೆ ಎಂದು ಇಂಗ್ಲಿಷಿನಲ್ಲಿ ಅಚ್ಚು ಒತ್ತಿರುತ್ತಾರೆ. ಆದರೂ ಯಾವುದು ಮುಂದು ಎಂಬುದರ ಬಗ್ಗೆ ಒಂದು ಚರ್ಚೆ ನಡೆದೇ ನಡೆಯಿತು.

ಎಲ್ಲರೂ ಕಾದಿದ್ದದ್ದು ನಟ್ಟು ಬಿಗಿಯುವುದಕ್ಕೆ. ಬಿಚ್ಚುವಾಗ ದೂರ ನಿಂತಿದ್ದವರೂ ಬಿಗಿಯುವಾಗ ಒಂದು ಕೈ ಹಾಕಲು ಬಂದರು. ತಾವು ಬಿಗಿದ ನಟ್ಟು ಕಾರಿನಲ್ಲಿ ಇರುತ್ತದೆ ಎಂಬುದು ಒಂದು ಹಕ್ಕು. ಮ್ಯಾನೇಜರು ತಮ್ಮ ಕಡೆಯ ಮೂಲೆಯಿಂದ ಶುರು ಮಾಡಿ ಅಂದರು, ಮೇಷ್ಟ್ರು ತಮ್ಮ ಕಡೆಯಿಂದ. ಶುರು ಮಾಡಬೇಕಾದದ್ದು ನಡುವಿನಿಂದ. ನಡುವಿನ ನಟ್ಟು ಮೊದಲು, ಆಮೇಲೆ ಅತ್ತ ಒಂದು ಇತ್ತ ಒಂದು ಎಂದು ತುದಿಗಳ ಕಡೆಗೆ ಹೋಗಬೇಕು. ಅದೂ ಒಂದೇ ಸಲಕ್ಕೆ ಅಲ್ಲ. ಮೊದಲ ಸುತ್ತು ಹಗುರ, ಎರಡನೆಯದು ಇನ್ನಷ್ಟು, ಕೊನೆಯ ಸುತ್ತಿಗೆ ಟಾರ್ಕ್ ರೆಂಚು. ಹೀಗೆ ಮಾಡಿದರೆ ಹಾಳೆ ನಡುವಿನಿಂದ ಅಂಚಿಗೆ ಸಮನಾಗಿ ಹರಡಿ ಕೂರುತ್ತದೆ. ಮೂಲೆಯಿಂದ ಬಿಗಿದರೆ ನಡುವೆ ಉಬ್ಬು ಉಳಿಯುತ್ತದೆ. ಮೇಸ್ತ್ರಿ ಯಾರ ಕೈಗೂ ರೆಂಚು ಕೊಡಲಿಲ್ಲ. ಆ ಹನ್ನೊಂದು ನಟ್ಟಿಗೆ ಒಬ್ಬನೇ ಯಜಮಾನ ಎಂಬುದು ನನಗೂ ಒಪ್ಪಿಗೆ. ನಮ್ಮ ಬೀದಿಯ ಗಣಪತಿ ಸಮಿತಿಗೂ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಬಹುದಿತ್ತು.

ಕೊನೆಗೆ ಟ್ಯಾಪೆಟ್ಟು. ರಾಕರಿಗೂ ವಾಲ್ವಿಗೂ ನಡುವೆ ಇಂಚಿನ ಸಾವಿರ ಭಾಗದಲ್ಲಿ 15 ಭಾಗದಷ್ಟು ಸಂದು ಇರಬೇಕು. ಪ್ರತಿ ವಾಲ್ವೂ ಪೂರ್ತಿ ಮುಚ್ಚಿದಾಗಲೇ ಅಳೆಯಬೇಕು, ಯಾವುದು ಯಾವಾಗ ಮುಚ್ಚಿದೆ ಎಂದು ತಿಳಿಯಲು ಒಂಬತ್ತರ ಲೆಕ್ಕ. ಎಂಟನೆಯದು ಪೂರ್ತಿ ತಗ್ಗಿ ತೆರೆದಿದ್ದಾಗ ಒಂದನೆಯದನ್ನು ಸರಿಮಾಡು, ಆರನೆಯದು ತಗ್ಗಿದ್ದಾಗ ಮೂರನೆಯದನ್ನು, ನಾಲ್ಕನೆಯದು ತಗ್ಗಿದ್ದಾಗ ಐದನೆಯದನ್ನು. ಎರಡೂ ಕೂಡಿದರೆ ಯಾವಾಗಲೂ ಒಂಬತ್ತು. ಶಾಲೆ ಓದದ ಮೇಸ್ತ್ರಿ ಬಾಯಲ್ಲೇ ಹೇಳುತ್ತ ಹೋದರು. ಗಣಿತದ ಎಂ.ಎಸ್ಸಿ. ಮಾಡಿದ ಮೇಷ್ಟ್ರು ಇದು ಯಾಕೆ ಹೀಗೆ ಎಂದು ಯೋಚಿಸುತ್ತ ಮನೆಗೆ ಹೋದವರು ರಾತ್ರಿ ಹಾಳೆ ಹಿಡಿದುಕೊಂಡು ಬಂದರು, ಸಾಧಿಸಿ ತೋರಿಸಲು.

ಎಂಜಿನ್ನು ಸ್ಟಾರ್ಟ್ ಆಯಿತು. ಬಿಳಿ ಹೊಗೆಯಿಲ್ಲ, ಗುಳ್ಳೆಯಿಲ್ಲ. ರೇಡಿಯೇಟರನ್ನು ಬಿಚ್ಚಿ ಸುಣ್ಣ ತೆಗೆಸಿ, ಮಳೆನೀರು ತುಂಬಿಸಿದ್ದಾಯಿತು. 800 ಕಿ.ಮೀ. ಓಡಿದ ಮೇಲೆ ಹನ್ನೊಂದು ನಟ್ಟನ್ನೂ ಅದೇ ಕ್ರಮದಲ್ಲಿ ಮತ್ತೆ ಬಿಗಿದು, ಟ್ಯಾಪೆಟ್ಟು ಇನ್ನೊಮ್ಮೆ ನೋಡಬೇಕು. ಆ ಕಿಲೋಮೀಟರುಗಳನ್ನು ಮುಗಿಸಲು ಮಾವನವರು ಈಗಾಗಲೇ ನೆಂಟರ ಪಟ್ಟಿ ಮಾಡಿದ್ದಾರೆ.

ಇನ್ನೊಂದು ಮಾತು. 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಸಾಮಾನು ಹುಡುಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ನಿಮ್ಮ ಮನೆಯ ಅಟ್ಟದಲ್ಲೋ, ಮುಚ್ಚಿದ ಟ್ಯಾಕ್ಸಿ ಆಫೀಸಿನ ಬೀರುವಿನಲ್ಲೋ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ಟು ಕವರು ಒಡೆಯದೆ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ತಿಳಿಸಿ. ಬಸ್ ಖರ್ಚು ಹಾಕಿಕೊಂಡು ನಾನೇ ಬಂದು ಒಯ್ಯುತ್ತೇನೆ. ಡೀಸೆಲ್ಲಿನದು ಬೇಡ. ಮಡಚಿದ್ದೂ ಬೇಡ.