ವಂಚನಾಮೀಮಾಂಸೆ: ಒಂದು ಬಹುಶಿಸ್ತೀಯ, ಅಂತರ್‌ಶಿಸ್ತೀಯ ಹಾಗೂ ಅಶಿಸ್ತೀಯ ಅಧ್ಯಯನ

ಪ್ರಸ್ತುತ ಪ್ರಬಂಧವು ಕನ್ನಡದ ವಂಚನಾವಾಚಕಗಳ ಸಂರಚನೆಯನ್ನು ದೇಸಿ-ಮಾರ್ಗ ಮುಖಾಮುಖಿಯ ತಾತ್ವಿಕ ಚೌಕಟ್ಟಿನ ನೆಲೆಯ ಆಯಾಮದಲ್ಲಿ ನಿರಚಿಸುವ ವಿನಮ್ರ ಪ್ರಯತ್ನವಾಗಿದೆ. (ಈ ವಾಕ್ಯದ ಅರ್ಥ ಕೇಳಬಾರದು. ವಿಚಾರಸಂಕಿರಣಗಳಲ್ಲಿ ಊಟದ ಹೊತ್ತಿನವರೆಗೂ ಯಾರೂ ಕೇಳುವುದಿಲ್ಲ; ಊಟವಾದ ಮೇಲೆ ಯಾರೂ ಇರುವುದಿಲ್ಲ.)

ಮೊದಲು ವ್ಯುತ್ಪತ್ತಿ. ‘ವಂಚನೆ’ಯ ಮೂಲ ಸಂಸ್ಕೃತದ ‘ವಂಚ್’ ಧಾತು. ಅದರ ಹಳೆಯ ಅರ್ಥ ಓರೆಯಾಗಿ ನಡೆಯುವುದು. ಆದುದರಿಂದ ಏಡಿಯೇ ಆದ್ಯ ವಂಚಕ ಎಂಬ ಪ್ರಮೇಯವನ್ನು ಮಂಡಿಸಬಹುದು, ಮಂಡಿಸಿದ್ದೇನೆ. ‘ದಗಾ’ ಪಾರಸಿಯಿಂದ ಬಂತು. ‘ಫೋರ್‌ಟ್ವೆಂಟಿ’ 1860ರ ಭಾರತೀಯ ದಂಡಸಂಹಿತೆಯ ಅದೇ ಸಂಖ್ಯೆಯ ಕಲಮಿನಿಂದ ಬಂತು. 2024ರ ಜುಲೈ 1ರಿಂದ ಆ ಕಲಮಿನ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 318 ಕೂತಿದೆ. ಬೈಗುಳಕ್ಕೆ ಮಾತ್ರ ಇನ್ನೂ ತಿದ್ದುಪಡಿ ಆಗಿಲ್ಲ.

ಆಡುಮಾತಿನ ವಂಚನೆಗಳನ್ನು ಅಂಗಾನುಸಾರ ವಿಂಗಡಿಸಲಾಗಿದೆ. ಶಿರೋವಂಚನೆ: ಟೋಪಿ ಹಾಕುವುದು. ಲಲಾಟವಂಚನೆ: ನಾಮ ಹಾಕುವುದು, ಉಪಪ್ರಭೇದ, ಪಂಗನಾಮ. ಕರ್ಣವಂಚನೆ: ಕಿವಿ ಮೇಲೆ ಹೂವಿಡುವುದು. ಜಿಹ್ವಾವಂಚನೆ: ಚಳ್ಳೆಹಣ್ಣು ತಿನ್ನಿಸುವುದು. ಹಸ್ತವಂಚನೆ, ಅಂದರೆ ಕೈಕೊಡುವುದು. ಇಲ್ಲಿ ಕೈ ವಂಚಕನದು, ಉಳಿದ ಅಂಗಗಳೆಲ್ಲ ವಂಚಿತನವು. ವರ್ಗೀಕರಣ ಕುಸಿಯಿತು. ಹೋಗಲಿ ಬಿಡಿ.

ಟೋಪಿ, ನಾಮ, ಹೂವು, ಹಣ್ಣು. ಸನ್ಮಾನಕ್ಕೆ ಬೇಕಾದ್ದೆಲ್ಲ ಇದೆ, ಶಾಲೊಂದು ಕಡಿಮೆ. ಅಷ್ಟೂ ಮೋಸಕ್ಕೆ ಸಿಕ್ಕವನ ಮೈಮೇಲೆ. ನಗಲು ಅನುಕೂಲ.

ವ್ಯಾಕರಣವೂ ಅಷ್ಟೆ. ಮನೆಗೆ ಕಳ್ಳ ನುಗ್ಗಿದರೆ ‘ಒಡವೆ ಹೋಯಿತು’ ಅನ್ನುತ್ತೇವೆ. ಚೀಟಿ ನಡೆಸುವವನು ರಾತ್ರೋರಾತ್ರಿ ಪರಾರಿಯಾದರೆ ‘ಅವಳು ಮೋಸ ಹೋದಳು’. ಹೋದವನು ಅವನಲ್ಲವೆ? ಅವಳು ಇಲ್ಲೇ ಇದ್ದಾಳೆ, ಬೀಗ ಹಾಕಿದ ಬಾಗಿಲ ಮುಂದೆ, ಕೈಯಲ್ಲಿ ಚೀಟಿ ಪುಸ್ತಕ. ಹೂ ಕಟ್ಟಿ ಮಾರಿ, ಮಗಳ ಮದುವೆಗೆಂದು ತಿಂಗಳು ತಿಂಗಳು ತುಂಬಿದ ದುಡ್ಡು ಅದು. ಪತ್ರಿಕೆಯವರು ‘ಹಣ ಕಳೆದುಕೊಂಡ ಮಹಿಳೆ’ ಎಂದು ಬರೆಯುತ್ತಾರೆ, ಬಸ್ಸಿನಲ್ಲಿ ಕೊಡೆ ಮರೆತುಬಂದವಳ ಹಾಗೆ. ದೂರು ಕೊಡಲು ಹೋದರೆ ಮೊದಲ ಪ್ರಶ್ನೆ, ‘ನಿಮಗೆ ಬುದ್ಧಿ ಬೇಡ್ವೇನಮ್ಮಾ?’

ಚೀಟಿ ವ್ಯವಹಾರಕ್ಕೆ 1982ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಠೇವಣಿದಾರರ ಹಿತರಕ್ಷಣೆಗೆಂದು ಕರ್ನಾಟಕದ್ದೇ 2004ರ ಕಾಯ್ದೆಯಿದೆ. ಕಾಯ್ದೆಗಳು ಇವೆ, ಬಾಗಿಲಿಗೆ ಬೀಗವೂ ಇದೆ. ನಿಘಂಟು ಮಗುಚುವ ನಾವು ವಿದ್ವಾಂಸರು ಅವಳಿಗೆ ‘ದುರಾಸೆ’ ಎಂಬ ಪದವನ್ನು ತಕ್ಷಣ ಹುಡುಕಿಕೊಡುತ್ತೇವೆ. ಅವನಿಗೆ? ಮೊನ್ನೆ ಅದೇ ಬೀದಿಯ ಟೀ ಅಂಗಡಿಯಲ್ಲಿ, ಬಾಯ್ತುಂಬ ನಗುತ್ತ ಒಬ್ಬರು ಅಂದರು: ‘ಆಸಾಮಿ ಭಾರೀ ಚಾಲಾಕಿ ಕಣ್ರೀ.’