ನದಿ, ಕಡಲು ಮತ್ತು ಆರು ಕಾಲಿನ ನಾಯಿ

ಭಾನುವಾರ ಬಂತೆಂದರೆ ವಂಡ್ಸೆಯವರಾದ ನಮಗೆ ದಾರಿ ತೋರಿಸುವುದೇ ಕಸುಬು. ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ತಿರುಗಿದ ಬೆಂಗಳೂರಿನ ಕಾರುಗಳು ನಮ್ಮ ಪೇಟೆಯಲ್ಲಿ ಗಾಜು ಇಳಿಸುತ್ತವೆ. ‘ಕೊಲ್ಲೂರಿಗೆ ಇದೇ ರೋಡಾ?’ ಇದೇ. ಗೂಗಲ್ಲೂ ಅದನ್ನೇ ಹೇಳಿರುತ್ತದೆ. ಆದರೂ ನಾವು ಜಗಲಿಯಿಂದಿಳಿದು, ಕೈ ಚಾಚಿ, ಚಿತ್ತೂರು, ಜಡ್ಕಲ್ ಎಂದೆಲ್ಲ ವಿವರಿಸಿ, ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನಿಗೂ ಒಂದು ಕೈ ಮುಗಿದು ಹೋಗಿ ಎಂದು ಕಳಿಸಿಕೊಡುತ್ತೇವೆ.

ಹೀಗೆ ಲೋಕವನ್ನೆಲ್ಲ ಪ್ರವಾಸಕ್ಕೆ ಕಳಿಸಿದ ನಾನು ಸ್ವತಃ ಪ್ರವಾಸ ಹೋದವನಲ್ಲ. ಕೊಲ್ಲೂರಿಗೆ ಹೋದದ್ದು ಮದುವೆಯೂಟಕ್ಕೆ, ಬೈಂದೂರಿಗೆ ಹೋದದ್ದು ಸಾಲಕ್ಕೆ ಜಾಮೀನು ಹಾಕಲಿಕ್ಕೆ. ಮರವಂತೆ ಬರುವಾಗ ಬಸ್ಸಿನಲ್ಲಿ ನನಗೆ ಯಾವಾಗಲೂ ನಿದ್ದೆ. ಬೆಂಗಳೂರಿನ ಭಾವ ಬಂದು, ‘ಮರವಂತೆ ಫೋಟೊ ಹಾಕಿದ್ದೆ, ಆಫೀಸಿನವರೆಲ್ಲ ಇದು ಯಾವ ದೇಶ ಅಂತ ಕೇಳಿದರು’ ಎಂದಾಗ ಮಾತ್ರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನಮ್ಮ ಕಡಲಿಗೆ ಅವನಿಗೆ ಲೈಕು!

ಮರುದಿನವೇ ಹೊರಟೆವು. ನಾನು ಬರ್ಮುಡಾ, ಟೋಪಿ, ಕಪ್ಪು ಕನ್ನಡಕ ಧರಿಸಿದ್ದೆ. ಹೆಂಡತಿಗೆ ನೆರೆಮನೆಯವರ ಮುಂದೆ ಪ್ರವಾಸ ಎನ್ನಲು ನಾಚಿಕೆ. ‘ಕೊಲ್ಲೂರಿಗ್ ಹೋಯ್ ಬತ್ತ್’ ಎಂದಳು. ಸುಳ್ಳೇನಲ್ಲ. ಅಮ್ಮನವರ ದರ್ಶನವಾಯಿತು. 1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಕೆಳಗಿನಿಂದಲೇ ನೋಡಿ, ಎತ್ತರವಿರುವುದು ಹೌದೆಂದು ಒಪ್ಪಿಕೊಂಡೆವು. ಗೋಳಿಹೊಳೆ ಮೇಲಾಗಿ ಬೈಂದೂರು ತಲುಪಿ, ಒತ್ತಿನೆಣೆಯ ಗಾಳಿಗೆ ಟೋಪಿ ಒಪ್ಪಿಸಿ, ಸೋಮೇಶ್ವರದಲ್ಲಿ ಕಾಲು ತೋಯಿಸಿ, ಮೀನೂಟ ಮುಗಿಸಿ, ತೆಂಕು ಮುಖವಾಗಿ ಮರವಂತೆಗೆ ಬಂದೆವು.

ಮರವಂತೆಯ ವಿಶೇಷ ಎಲ್ಲರಿಗೂ ಗೊತ್ತು. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಕಡಲ ಬಾಗಿಲ ತನಕ ಬಂದ ಹೊಳೆ, ಮದುವೆಮನೆಗೆ ಒಂಟಿಯಾಗಿ ಹೊಗಲು ನಾಚುವ ಹೆಂಗಸಿನಂತೆ ತಿರುಗಿ, ಗಂಗೊಳ್ಳಿಗೆ ಹೋಗಿ, ನಮ್ಮೂರ ಚಕ್ರಾ ನದಿಯನ್ನೂ ವಾರಾಹಿಯನ್ನೂ ಕೂಡಿಕೊಂಡೇ ಒಳಗೆ ಹೋಗುತ್ತದೆ. ಎರಡೂ ಒಂದೇ ಚಿತ್ರದಲ್ಲಿ ಬರಬೇಕು, ಅಷ್ಟೇ ನನ್ನ ಹಟ. ಆದರೆ ಕಡಲಿಗೆ ಮುಖ ಮಾಡಿದರೆ ಹೊಳೆ ಬೆನ್ನಿಗೆ; ಹೊಳೆಗೆ ಮುಖ ಮಾಡಿದರೆ ಕಡಲು ಬೆನ್ನಿಗೆ. ರಸ್ತೆಯುದ್ದಕ್ಕೆ ಹಿಡಿದರೆ ಎರಡೂ ಇಲ್ಲ, ಮೀನಿನ ಟೆಂಪೊ ಮಾತ್ರ. ಲೋಕ ಮೆಚ್ಚಿದ ಆ ಚಿತ್ರಗಳೆಲ್ಲ ಡ್ರೋನಿನವು, ಆಕಾಶದಿಂದ ತೆಗೆದವು ಎಂದು ಮಗಳು ಹೇಳಿದಳು. ಕಾರಿನ ನೆತ್ತಿ ಹತ್ತಿದೆ. ಅದು ಒಳಕ್ಕೆ ತಗ್ಗಿತು. ಹೆಂಡತಿ, ‘ಹ್ವಾಯ್, ಮಂಡಿ ಸಮ ಇತ್ತಾ?’ ಎಂದಳು. ಇಳಿದೆ.

ಕೊನೆಗೆ ಪನೋರಮಾ. ಹೊಳೆಯಿಂದ ಶುರುಮಾಡಿ ಕಡಲಿನ ತನಕ, ಉಸಿರು ಬಿಗಿಹಿಡಿದು, ತಿರುಗುತ್ತ ಹೋಗಬೇಕು. ಮೊಬೈಲು ‘ನಿಧಾನ’ ಎಂದಿತು, ನಿಧಾನಿಸಿದೆ. ಬಾಣದ ಗುರುತು ಗೆರೆಯಿಂದ ಕೆಳಗಿಳಿಯಿತು, ಮೊಣಕಾಲು ಬಗ್ಗಿಸಿದೆ. ಮೇಲೇರಿತು, ತುದಿಗಾಲಲ್ಲಿ ನಿಂತೆ. ಮೊದಲನೆಯದರಲ್ಲಿ ಹೆದ್ದಾರಿ ಬಾಳೆಕಾಯಿಯಾಗಿ ಬಗ್ಗಿತ್ತು. ಆಮೇಲಿನದರಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿದ್ದ ಹೆಂಡತಿಗೆ ಕೈ ಮೂರು, ತಲೆ ಅರ್ಧ. ಮತ್ತೊಂದು ಎಲ್ಲ ವಿಧದಲ್ಲೂ ಸರ್ವಾಂಗಸುಂದರ. ಹೊಳೆ, ತೆಂಗು, ರಸ್ತೆ, ಮರಳು, ತೆರೆ, ಎಲ್ಲವೂ ಇತ್ತು. ಆದರೆ ನಾನು ತಿರುಗಿದ ದಿಕ್ಕಿಗೇ, ನನ್ನದೇ ವೇಗದಲ್ಲಿ ಮರಳ ಮೇಲೆ ಒಂದು ನಾಯಿ ನಡೆದುಹೋಗಿತ್ತು. ಗಜ ಗಜ ಉದ್ದದ ನಾಯಿ, ಕಾಲು ಆರು. ಅದರ ಮುಖದಲ್ಲಿ ಮಾತ್ರ ಏನೂ ಆಗದ ನೆಮ್ಮದಿ.

ಹೀಗೆ ನಾನು ಬಗ್ಗಿ, ಎದ್ದು, ಹಿಂದಕ್ಕೆ ಹೆಜ್ಜೆ ಅಳೆಯುತ್ತಿರುವಾಗ ಬಡಗು ಬದಿಯ ಕೇರಿಯ ಅಜ್ಜಯ್ಯನೊಬ್ಬರು ಬಂದು ನಿಂತರು. ತುಂಬ ಹೊತ್ತು ನೋಡಿ ಕೇಳಿದರು:

‘ಮತ್ತೆ ರೋಡ್ ಅಗಲ ಮಾಡ್ತ್ರಾ?’

ನನ್ನನ್ನು ಸರ್ವೆಯವನೆಂದು ತಿಳಿದಿದ್ದರು. ಅಲ್ಲ ಅಜ್ಜಯ್ಯ, ಫೋಟೊ ಎಂದೆ. ನಂಬಲಿಲ್ಲ. ‘ಅತ್ಲಾಗೆ ಕಡ್ಲ್ ತಿಂತ್ತ್, ಇತ್ಲಾಗೆ ರೋಡ್ ತಿಂತ್ತ್. ತೆಂಗಿನ್ಮರ ಎಲ್ಲ ಹೋಯ್ತ್. ಇನ್ನೆಂತ ಉಳ್ದಿತ್ತಂದೇಳಿ ಅಳೂಕ್ ಬಂದದ್ದ್?’ ಎಂದು, ಉತ್ತರಕ್ಕೂ ಕಾಯದೆ ಹೊರಟುಹೋದರು. ಬರ್ಮುಡಾದ ಜೇಬಿಗೆ ಮೊಬೈಲು ಇಳಿಸಿದೆ. ಮಳೆಗಾಲದಲ್ಲಿ ಅವರ ಅಂಗಳಕ್ಕೆ ಬರುವ ಕಡಲೂ, ಭಾವನ ಆಫೀಸಿನವರು ಲೈಕು ಒತ್ತಿದ ಕಡಲೂ ಒಂದೇ.

ಅಷ್ಟರಲ್ಲಿ ಮುಂದೆ ನಿಂತಿದ್ದ ಕಾರಿನಿಂದ ಬಾಟಲಿಯೊಂದು ಹಾರಿ ಕಲ್ಲುಗಳ ನಡುವೆ ಬಿತ್ತು. ದೇವರ ದರ್ಶನಕ್ಕೆ ನೂರಾರು ಮೈಲು ಬರುವವರಿಗೆ ಕಸದ ಬುಟ್ಟಿಯ ತನಕ ಹೋಗಲು ಕಾಲು ಬರುವುದಿಲ್ಲ. ನನ್ನ ಮಗಳು ವಂಡ್ಸೆಯಲ್ಲಿ ಬೆಳೆದವಳು. ನಮ್ಮ ಪಂಚಾಯತಿಯ ಕಸ ವಿಂಗಡಣೆ ಘಟಕವನ್ನು ನೋಡಲು ಬೇರೆ ಊರಿನವರು ಬರುತ್ತಾರೆ. ಹಸಿ ಕಸ, ಒಣ ಕಸ ಎಂಬುದು ನಮಗೆ ಮಗ್ಗಿಯ ಹಾಗೆ ಬಾಯಿಪಾಠ. ಅವಳು ಚೀಲ ತೆಗೆದು ಆ ಬಾಟಲಿ ಹೆಕ್ಕಿದಳು. ಪಕ್ಕದ್ದನ್ನೂ ಹೆಕ್ಕಿದಳು. ಸಿಟ್ಟಿನಲ್ಲಿ ನಾನೂ ಸೇರಿದೆ. ಕತ್ತಲಾಗುವಾಗ ಡಿಕ್ಕಿ ತುಂಬಿತ್ತು. ತ್ರಾಸಿ, ಹೆಮ್ಮಾಡಿ ದಾಟಿ ಮನೆ ಸೇರುವ ತನಕ ಅದು ಹಿಂದೆ ಕಿಣಿಕಿಣಿ ಎನ್ನುತ್ತಿತ್ತು.

ಬೆಳಿಗ್ಗೆ ಕಸ ಒಯ್ಯಲು ಬಂದ ಅಕ್ಕ ಚೀಲ ಬಿಚ್ಚಿ ನೋಡಿದರು. ಮುಕ್ಕಾಲು ಪಾಲು ಬಿಯರ್ ಬಾಟಲಿ. ನೆರೆಮನೆಯವರೂ ಬೇಲಿಯಿಂದ ಇಣುಕಿದರು. ಅಕ್ಕ ಒಂದೊಂದನ್ನೇ ಎತ್ತಿ ಬೇರೆ ಮಾಡುತ್ತ, ನನ್ನ ಕಡೆ ತಲೆಯೆತ್ತದೆ ಹೆಂಡತಿಯನ್ನು ಕೇಳಿದರು:

‘ಕೊಲ್ಲೂರಿಗ್ ಹೋದದ್ದಂದ್ರಿ, ಅಲ್ದಾ?’