ಬೆವರಿನ ಲೆಕ್ಕ ಜುಲೈಗೆ

ದಿಲ್ಲಿಯ ಲೆಕ್ಕಪತ್ರದವರಿಗೆ 50 ಎಂಬ ಅಂಕಿಯ ಮೇಲೆ ವಿಪರೀತ ಭಕ್ತಿ. ತುಟ್ಟಿಭತ್ಯೆ ಶೇ. 50 ಮುಟ್ಟಿದರೆ ಸಾಕು, ಸೇನಾಧಿಕಾರಿಗಳ ಉಡುಪು ಭತ್ಯೆ ತಾನೇ ತಾನಾಗಿ ಶೇ. 25 ಉಬ್ಬಬೇಕೆಂದು ನಿಯಮ. 2024ರ ಜನವರಿಯ ಲೆಕ್ಕಕ್ಕೆ ಮುಟ್ಟಿತು. ವರ್ಷಕ್ಕೆ 20,000 ರೂಪಾಯಿ ಇದ್ದದ್ದು 25,000 ಆಯಿತು. ಸಂತೋಷ. ಆದರೆ 2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ ಪಾದರಸವೂ 51 ಡಿಗ್ರಿ ಮುಟ್ಟಿತ್ತು. ವಾಯುನೆಲೆ ಇರುವ ಊರು ಅದು. ಆ ಅಂಕಿಗೆ ಯಾವ ಕಡತವೂ ಬೆವರಲಿಲ್ಲ. ಬೆಲೆ ಏರಿದರೆ ಬಟ್ಟೆಗೆ ಹಣ, ಬಿಸಿಲು ಏರಿದರೆ ಬಟ್ಟೆಗೆ ಬರೀ ಉಪ್ಪು.

ಇದು ಏಳನೆಯ ವೇತನ ಆಯೋಗದ ಕೈಚಳಕ. ನ್ಯಾಯಮೂರ್ತಿ ಅಶೋಕ್ ಕುಮಾರ್ ಮಾಥುರ್ ಅವರ ಆಯೋಗ ಎಣಿಸಿ ನೋಡಿದಾಗ ಕೇಂದ್ರ ಸರ್ಕಾರದ ಮನೆಯಲ್ಲಿ 196 ಭತ್ಯೆಗಳು ಸಿಕ್ಕಿದವು. ಬಟ್ಟೆಗೊಂದು, ಬೂಟಿಗೊಂದು, ನಿಲುವಂಗಿಗೊಂದು, ಆ ನಿಲುವಂಗಿಯನ್ನು ಸುಸ್ಥಿತಿಯಲ್ಲಿಡಲು ಇನ್ನೊಂದು, ಒಗೆಯಲು ಮತ್ತೊಂದು. ಇವನ್ನೆಲ್ಲ ಒಂದೇ ಗಂಟು ಕಟ್ಟಿ ಉಡುಪು ಭತ್ಯೆ ಎಂದು ಹೆಸರಿಟ್ಟು 2017ರಲ್ಲಿ ಜಾರಿಗೆ ತಂದರು. ಮಾಡಿದ್ದು ಒಳ್ಳೆಯದೇ, ಗುಮಾಸ್ತರ ಆಯುಷ್ಯ ಉಳಿಯಿತು. ಆದರೆ ಗಂಟು ಬಿಗಿಯುವಾಗ ಹವಾಮಾನ ಹೊರಗೆ ಬಿದ್ದುಹೋಯಿತು. ಜೈಸಲ್ಮೇರಿನಲ್ಲಿ ದಿನಕ್ಕೆರಡು ಅಂಗಿ ಬದಲಿಸುವ ಕ್ಯಾಪ್ಟನ್ನಿಗೂ ಬೆಂಗಳೂರಿನ ದಂಡು ಪ್ರದೇಶದಲ್ಲಿ ಸಂಜೆ ಸ್ವೆಟರ್ ಹುಡುಕುವ ಕ್ಯಾಪ್ಟನ್ನಿಗೂ ಒಂದೇ ದರ. ಒಗೆತದ ಖರ್ಚೂ ಅದರೊಳಗೇ. ಸಿಯಾಚಿನ್ನಿನ ಉಡುಪು, ಜಲಾಂತರ್ಗಾಮಿಯ ಉಡುಪು, ರೈಲ್ವೆ ಟ್ರ್ಯಾಕ್‌ಮನ್‌ಗಳ ಮಿರುಗುವ ಅಂಗಿ ಇವೆಲ್ಲ ವಿಶೇಷವೆಂದು ಆದೇಶದಲ್ಲಿ ಹೆಸರು ಪಡೆದಿವೆ. ಮರುಭೂಮಿಯ ಹೆಸರು ಬರೆಯುವಷ್ಟರಲ್ಲಿ ಶಾಯಿ ಆವಿಯಾಯಿತೋ ಏನೋ.

ಸೂರ್ಯನಿಗೆ ದರ್ಜೆ ಗೊತ್ತಿಲ್ಲ, ಆಯೋಗಕ್ಕೆ ಗೊತ್ತು. ಅಧಿಕಾರಿಗೆ 20,000 ಬರೆದ ಕೈಯೇ ಸಾಮಾನ್ಯ ಸೈನಿಕನಿಗೆ 10,000 ಬರೆಯಿತು. ಅಧಿಕಾರಿಗೆ ಖರ್ಚು ಜಾಸ್ತಿ ಎನ್ನುವುದೂ ನಿಜವೇ. ಪಾಪ, ಮೆಸ್ಸಿನಲ್ಲಿ ಉಣ್ಣಲೆಂದೇ ಆತ ಬೇರೆ ಉಡುಪು ಹೊಲಿಸಬೇಕು.

ಆ ಊಟದ ಉಡುಪು ಬ್ರಿಟಿಷರ ಬಳುವಳಿ. ಅವರೋ, ಬಿಸಿಲನ್ನು ಬಟ್ಟೆ ಹೊದ್ದೇ ಸೋಲಿಸಲು ಹೊರಟವರು. ಮೈಗೆ ಉಣ್ಣೆಯ ಕೆಂಪು ಕೋಟು, ಕೊರಳಿಗೆ ತೊಗಲಿನ ಪಟ್ಟಿ, ತಲೆಗೆ ಸೋಲಾ ಟೋಪಿ, ಬೆನ್ನುಹುರಿಗೆ ಬಿಸಿಲು ತಾಗದಿರಲೆಂದು ಬೆನ್ನಿಗೊಂದು ಮೆತ್ತೆ. ಹೊಟ್ಟೆಗೆ ಫ್ಲಾನೆಲ್ ಸುತ್ತಿದರೆ ಕಾಲರಾ ಸುಳಿಯದೆಂದು ನಂಬಿ ಅದನ್ನು ಕಾಲರಾ ಬೆಲ್ಟ್ ಎಂದು ಕರೆದರು. 1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತದ ಕೆರೆನೀರಿನಲ್ಲೇ ರೋಗಾಣು ತೋರಿಸಿದ ಮೇಲೂ ದಶಕಗಳ ಕಾಲ ಬೆಲ್ಟು ಬಿಚ್ಚಲಿಲ್ಲ. ಕೆಂಪು ಸಮುದ್ರದ ಸೆಕೆಯಲ್ಲಿ ಬೆಂದ ನೌಕಾಧಿಕಾರಿಗಳು ಮಾತ್ರ ಕೊನೆಗೂ ರಾತ್ರಿಯೂಟಕ್ಕೆ ಜಾಕೆಟ್ ಕಳಚುವ ಅಪ್ಪಣೆ ಪಡೆದರು. ಅದೇ ರೆಡ್ ಸೀ ರಿಗ್. ಸೊಂಟದ ಕಮರ್‌ಬಂದನ್ನು ಬಿಡಲಿಲ್ಲ, ಮರ್ಯಾದೆ ನೋಡಿ.

ನಮ್ಮ ನೌಕಾಪಡೆ 2024ರಲ್ಲಿ ವಸಾಹತಿನ ಗುಂಗು ಬಿಡಿಸಿಕೊಂಡು ಮೆಸ್ಸಿನಲ್ಲಿ ಕುರ್ತಾ ಪೈಜಾಮಕ್ಕೆ ಅನುಮತಿ ಕೊಟ್ಟಿತು. ಭಲೇ ಎನ್ನುವಷ್ಟರಲ್ಲಿ ಷರತ್ತು ಕಣ್ಣಿಗೆ ಬಿತ್ತು: ಮೇಲೊಂದು ತೋಳಿಲ್ಲದ ಜಾಕೆಟ್. ಸಾಮ್ರಾಜ್ಯ ಕಳಚಿದ್ದನ್ನು ಸ್ವರಾಜ್ಯ ಮತ್ತೆ ತೊಡಿಸಿತು.

ಇಷ್ಟಾಗಿ ಭತ್ಯೆ ಕೈಸೇರುವುದು ವರ್ಷಕ್ಕೊಮ್ಮೆ, ಜುಲೈ ಸಂಬಳದ ಜೊತೆಗೆ. ಮೇ, ಜೂನಿನ ಬೇಗೆಯಲ್ಲಿ ಅಂಗಿ ಹರಿದವನಿಗೆ ಮಳೆಗಾಲದಲ್ಲಿ ಪರಿಹಾರ.

ಈಗ ಎಂಟನೆಯ ವೇತನ ಆಯೋಗ ಕುಳಿತಿದೆ. ಅದರ ಸದಸ್ಯರಲ್ಲಿ ನನ್ನದೊಂದು ವಿನಂತಿ. ಉಡುಪು ಭತ್ಯೆಯ ಅಧ್ಯಾಯ ಬರೆಯುವ ಸಭೆಯನ್ನು ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಬಾಡ್ಮೇರಿನ ಬಯಲಿನಲ್ಲಿ ಇಟ್ಟುಕೊಳ್ಳಿ. ಪೂರ್ತಿ ಸಮವಸ್ತ್ರ ಕಡ್ಡಾಯ. ಪ್ರಯಾಣ ಭತ್ಯೆ ಹೇಗೂ ಇದ್ದೇ ಇದೆ.